ಕೂತು ಕೂತು ಮನಸ್ಸು ಯಾಕೆ ಕೆಡುತ್ತದೆ? ಪದೇ ಪದೇ ಕೇಳುವ ಪ್ರಶ್ನೆಗಳು

ಕೂತು ಮಾಡುವ ಕೆಲಸ, ತಲೆ ಓಡಿಸುವ ಕೆಲಸ, ದಿನದ ಮೂಡು. ಈ ಮೂರರ ನಂಟಿನ ಬಗ್ಗೆ ಮಾತು ಬಂದಾಗೆಲ್ಲ ಜನ ಕೇಳುವ ಪ್ರಶ್ನೆಗಳು ಹೆಚ್ಚುಕಮ್ಮಿ ಇವೇ. ಕೇಳಿದವರ ಮಾತನ್ನು ಆದಷ್ಟು ಹಾಗೇ ಇಟ್ಟಿದ್ದೇನೆ. ಎಲ್ಲಿಂದ ಬೇಕಾದರೂ ಓದಬಹುದು. ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ: ಸಂಜೆಯ ಸಿಡುಕನ್ನು, ಬೇಸರವನ್ನು ನಿಮ್ಮ ಸ್ವಭಾವ ಅಂತ ತೀರ್ಮಾನ ಮಾಡುವ ಮುಂಚೆ, ಅವತ್ತು ಮೈ ಎಷ್ಟು ಹೊತ್ತು ಅಲುಗಾಡದೆ ಇತ್ತು, ಆ ಹೊತ್ತಲ್ಲಿ ತಲೆ ಏನು ಮಾಡುತ್ತಿತ್ತು ಅಂತ ನೋಡಿಕೊಳ್ಳಿ.

## ಶುರುವಿನ ಪ್ರಶ್ನೆಗಳು

ಇಡೀ ದಿನ ಕುರ್ಚಿ ಬಿಟ್ಟು ಎದ್ದಿಲ್ಲ, ಮೈ ಬಗ್ಗಿಸಿ ಏನೂ ಮಾಡಿಲ್ಲ. ಆದ್ರೂ ಸಂಜೆ ಯಾಕೆ ಇಷ್ಟು ಸುಸ್ತು?

ಈ ಸುಸ್ತು ನಿಜವಾದದ್ದೇ. ಸೋಮಾರಿತನ ಅಂತ ನಿಮ್ಮನ್ನು ನೀವೇ ಬೈದುಕೊಳ್ಳಬೇಡಿ. ಗದ್ದೆಯಲ್ಲಿ ದುಡಿದವರಿಗೆ ಕೈಕಾಲು ಸೋಲುತ್ತವೆ, ಉಂಡು ಮಲಗಿದರೆ ನಿದ್ದೆ ಬರುತ್ತದೆ. ಕುರ್ಚಿಯಲ್ಲಿ ದುಡಿದವರಿಗೆ ತಲೆ ಸೋತಿರುತ್ತದೆ, ಕೈಕಾಲು ಸೋತಿರುವುದಿಲ್ಲ. ಅದಕ್ಕೇ ಎಷ್ಟೋ ಜನರಿಗೆ ಸುಸ್ತಿದ್ದರೂ ನಿದ್ದೆ ಹತ್ತುವುದಿಲ್ಲ.

ಮಿದುಳಿನ ತೂಕ ದೇಹದ ತೂಕದಲ್ಲಿ ನೂರಕ್ಕೆ 2ರಷ್ಟು. ಆದರೆ ಸುಮ್ಮನೆ ಕೂತಾಗ ದೇಹ ಬಳಸುವ ಶಕ್ತಿಯಲ್ಲಿ ನೂರಕ್ಕೆ ಸುಮಾರು 20 ಪಾಲು ಅದಕ್ಕೇ ಹೋಗುತ್ತದೆ. ಹಾಗಂತ ಕಷ್ಟದ ಲೆಕ್ಕ ಬಿಡಿಸುವಾಗ ಈ ಖರ್ಚು ಬಹಳವೇನೂ ಏರುವುದಿಲ್ಲ. ಅಂದರೆ ಸಂಜೆಯ ಸುಸ್ತು ಹೊಟ್ಟೆ ಖಾಲಿಯಾಗಿ ಬಂದದ್ದಲ್ಲ. ಮೇಲಿಂದ ಮೇಲೆ ಬಿಸ್ಕತ್ತು, ಬೋಂಡಾ ತಿಂದರೂ ಅದು ಹೋಗದಿರುವುದು ಇದರಿಂದಲೇ.

ಒಂದು ಸುಲಭದ ಪರೀಕ್ಷೆ ಇದೆ. ಹತ್ತು ನಿಮಿಷ ಹೊರಗೆ ನಡೆದು ಬನ್ನಿ. ಮೈ ಹಗುರಾಯಿತು ಅನ್ನಿಸಿದರೆ ಬಹುಮಟ್ಟಿಗೆ ಅದು ಕೂತು ಬಂದ ಸುಸ್ತು. ನಡೆದದ್ದಕ್ಕೆ ಇನ್ನೂ ಸೋಲು ಬಂದರೆ, ಒಂದು ಮಹಡಿ ಹತ್ತಿದರೆ ಏದುಸಿರು ಬಂದರೆ, ರಕ್ತಹೀನತೆ, ಥೈರಾಯ್ಡ್, ನಿದ್ದೆಯ ತೊಂದರೆ ಏನಾದರೂ ಇದೆಯಾ ಅಂತ ವೈದ್ಯರಿಗೆ ತೋರಿಸಿ.

ಕೂತರೆ ಬೆನ್ನು ನೋಯುತ್ತೆ ಅಂದ್ರೆ ಅರ್ಥ ಆಗುತ್ತೆ. ಬೇಜಾರಿಗೂ ಕುರ್ಚಿಗೂ ಏನು ಸಂಬಂಧ?

ಸಂಬಂಧ ಒಂದಲ್ಲ, ಹಲವು ಇವೆ. ಎರಡನ್ನು ಹೇಳುತ್ತೇನೆ. ತೊಡೆ, ಮೀನಖಂಡದ ಸ್ನಾಯುಗಳು ಕೆಲಸ ನಿಲ್ಲಿಸಿದಾಗ ರಕ್ತದ ಓಟ ನಿಧಾನವಾಗುತ್ತದೆ. 2018ರಲ್ಲಿ ಲಿವರ್‌ಪೂಲ್ ಜಾನ್ ಮೂರ್ಸ್ ವಿಶ್ವವಿದ್ಯಾಲಯದವರು ಆಫೀಸು ಕೆಲಸದ ಕೆಲವರನ್ನು ನಾಲ್ಕು ಗಂಟೆ ಎಬ್ಬಿಸದೆ ಕೂರಿಸಿ, ಮಿದುಳಿಗೆ ಹೋಗುವ ರಕ್ತದ ಹರಿವನ್ನು ಅಳೆದರು. ಹರಿವು ಇಳಿದಿತ್ತು. ಅರ್ಧ ಗಂಟೆಗೊಮ್ಮೆ 2 ನಿಮಿಷ ನಡೆಸಿದ ದಿನ ಇಳಿಯಲಿಲ್ಲ. ಎರಡು ಗಂಟೆಗೊಮ್ಮೆ 8 ನಿಮಿಷ ನಡೆಸಿದ ದಿನ ಆ ಲಾಭ ಕಾಣಲಿಲ್ಲ. ಒಟ್ಟು ನಡಿಗೆ ಅಷ್ಟೇ, ಆದರೆ ಹಂಚಿಕೆ ಬೇರೆ.

ಇನ್ನೊಂದು ಬೆಳಕು. ಮೋಡ ಕವಿದ ಹಗಲಲ್ಲೂ ಅಂಗಳದಲ್ಲಿ ಸಾವಿರಾರು ಲಕ್ಸ್ (ಬೆಳಕು ಅಳೆಯುವ ಮಾನ) ಬೆಳಕಿರುತ್ತದೆ. ಆಫೀಸಿನ ದೀಪದ ಕೆಳಗೆ ಸಾಮಾನ್ಯವಾಗಿ 300ರಿಂದ 500. ನಮ್ಮ ನಿದ್ದೆ-ಎಚ್ಚರದ ಗಡಿಯಾರ ನಡೆಯುವುದು ಹಗಲಿನ ಬೆಳಕಿನ ಮೇಲೆ. ಕೂತಿರುವುದು ಅಂದರೆ ನಮ್ಮ ಊರುಗಳಲ್ಲಿ ಬಹುಪಾಲು ಒಳಗೆ ಕೂತಿರುವುದೇ.

ಇದೆಲ್ಲ ಸೇರಿ ಮೈಯಲ್ಲಿ ಒಂದು ಮಂಕು ಕೂರುತ್ತದೆ. ಮನಸ್ಸು ಆ ಮಂಕನ್ನು ಮೈಯದು ಅಂತ ಗುರುತಿಸುವುದಿಲ್ಲ. ಅದಕ್ಕೊಂದು ಕಾರಣ ಹುಡುಕುತ್ತದೆ: ಕೆಲಸ ಸರಿ ಇಲ್ಲ, ಅತ್ತೆ ಸರಿ ಇಲ್ಲ, ನಾನೇ ಸರಿ ಇಲ್ಲ. ನನ್ನ ಮಟ್ಟಿಗೆ ಇಡೀ ವಿಷಯದಲ್ಲಿ ತುಂಬ ಗಮನಿಸಬೇಕಾದದ್ದು ಇದೇ.

ಎಷ್ಟು ಹೊತ್ತು ಕೂತರೆ ಜಾಸ್ತಿ ಅಂತ? ಒಂದು ಲೆಕ್ಕ ಹೇಳಿ.

ದಿನಕ್ಕೆ ಇಷ್ಟೇ ಗಂಟೆ ಅನ್ನುವ ಗೆರೆಯನ್ನು ವಿಶ್ವ ಆರೋಗ್ಯ ಸಂಸ್ಥೆಯೂ ಎಳೆದಿಲ್ಲ. 2020ರ ಅದರ ಮಾರ್ಗಸೂಚಿ ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷ ಸಾಧಾರಣ ಬಿರುಸಿನ ಚಟುವಟಿಕೆ ಬೇಕು, ಕೂರುವುದನ್ನು ಕಡಿಮೆ ಮಾಡಿ ಅನ್ನುತ್ತದೆ, ಅಷ್ಟೇ.

ಒಟ್ಟು ಗಂಟೆಗಿಂತ ಒಂದೇ ಸಮನೆ ಎಷ್ಟು ಹೊತ್ತು ಕೂತಿರಿ ಅನ್ನುವುದನ್ನು ನೋಡಿ. 2023ರಲ್ಲಿ ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದ ಒಂದು ಚಿಕ್ಕ ಪ್ರಯೋಗದಲ್ಲಿ ಬೇರೆ ಬೇರೆ ಅಳತೆಯ ಬಿಡುವುಗಳನ್ನು ಹೋಲಿಸಿದರು. ಅರ್ಧ ಗಂಟೆಗೊಮ್ಮೆ 5 ನಿಮಿಷ ನಡೆದಾಗ ಊಟದ ನಂತರದ ಸಕ್ಕರೆ ಏರಿಕೆ ಅರ್ಧಕ್ಕಿಂತ ಹೆಚ್ಚು ತಗ್ಗಿತು. ಮೂಡು ಮತ್ತು ದಣಿವಿನ ವಿಷಯದಲ್ಲಿ, ಗಂಟೆಗೆ 1 ನಿಮಿಷದ ಬಿಡುವು ಒಂದನ್ನು ಬಿಟ್ಟು ಉಳಿದ ಎಲ್ಲ ಬಿಡುವುಗಳೂ ಲಾಭ ಕೊಟ್ಟವು. ಅರ್ಧ ಗಂಟೆಗೊಮ್ಮೆ ಏಳಲು ಆಗದಿದ್ದರೆ ಗಂಟೆಗೊಮ್ಮೆಯಾದರೂ ಏಳಿ. ಪೂರ್ತಿ ಬಿಟ್ಟುಬಿಡಬೇಡಿ.

ಬೆಳಿಗ್ಗೆ ಒಂದು ಗಂಟೆ ವಾಕಿಂಗ್ ಮಾಡ್ತೀನಲ್ಲ, ಸಾಲದಾ?

ಹೃದಯಕ್ಕೆ, ಆಯಸ್ಸಿಗೆ ತುಂಬ ಒಳ್ಳೆಯದು. ಹತ್ತು ಲಕ್ಷಕ್ಕೂ ಹೆಚ್ಚು ಜನರ ಮಾಹಿತಿ ಒಟ್ಟು ಮಾಡಿ 2016ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ಅಧ್ಯಯನವೊಂದು, ದಿನಕ್ಕೆ 60ರಿಂದ 75 ನಿಮಿಷ ಬಿರುಸಾಗಿ ನಡೆಯುವವರಲ್ಲಿ ಎಂಟು ಗಂಟೆ ಕೂರುವುದರಿಂದ ಬರುವ ಸಾವಿನ ಅಪಾಯ ಹೆಚ್ಚುಕಮ್ಮಿ ಅಳಿಸಿಹೋಗುತ್ತದೆ ಅಂತ ತೋರಿಸಿತು. ನಿಮ್ಮ ವಾಕಿಂಗ್ ಬಿಡಬೇಡಿ.

ದಿನದ ಮೂಡಿನ ಮಾತು ಸ್ವಲ್ಪ ಬೇರೆ. 2016ರಲ್ಲೇ ಅಮೆರಿಕದ ಕೊಲರಾಡೊದಲ್ಲಿ ನಡೆದ ಒಂದು ಪ್ರಯೋಗದಲ್ಲಿ ಬೆಳಿಗ್ಗೆ ಒಂದೇ ಸಲ 30 ನಿಮಿಷ ನಡೆಸಿ ಕೂರಿಸಿದ ದಿನವನ್ನೂ, ಗಂಟೆಗೊಮ್ಮೆ 5 ನಿಮಿಷದಂತೆ ಆರು ಸಲ ನಡೆಸಿದ ದಿನವನ್ನೂ ಹೋಲಿಸಿದರು. ಎರಡೂ ದಿನ ಉತ್ಸಾಹ ಏರಿತು. ಮೂಡು ಚೆನ್ನಾಗಿ ಉಳಿದದ್ದು, ಸಂಜೆಯ ದಣಿವು ಕಡಿಮೆಯಾದದ್ದು ಆರು ಸಲ ಎದ್ದ ದಿನ. ಬೆಳಗಿನ ನಡಿಗೆಯ ಪುಣ್ಯ ಸಂಜೆ ಐದರವರೆಗೆ ಪೂರ್ತಿ ಬರುವುದಿಲ್ಲ.

## ದಿನನಿತ್ಯದ ಪ್ರಶ್ನೆಗಳು

ನಮ್ಮಜ್ಜಿ ಹೊತ್ತು ಮೂಡಿದಾಗಿಂದ ಕೂತು ಅಡಿಕೆ ಸುಲೀತಿದ್ರು. ಅವರಿಗೆ ಈ ರಗಳೆ ಯಾವ್ದೂ ಇರ್ಲಿಲ್ಲ. ನಮಗೆ ಯಾಕೆ?

ನನಗೆ ತುಂಬ ಇಷ್ಟವಾದ ಪ್ರಶ್ನೆ ಇದು. ಉತ್ತರ ಅಜ್ಜಿಯ ಕೂರುವಿಕೆಯಲ್ಲೇ ಇದೆ.

ಮಲೆನಾಡಿನ ಅಡಿಕೆ ಸುಲಿಯುವ ಜಗುಲಿಯನ್ನು ನೆನಪು ಮಾಡಿಕೊಳ್ಳಿ. ಒಂದು ಕಾಲು ಮಡಚಿ, ಇನ್ನೊಂದರಲ್ಲಿ ಮೆಟ್ಟುಗತ್ತಿಯ ಮಣೆಯನ್ನು ಮೆಟ್ಟಿ ಕೂತಿರುತ್ತಾರೆ. ಬಲಗೈಯಲ್ಲಿ ಕಾಯಿ, ಅಲಗಿಗೆ ಒಂದು ಒತ್ತು, ತಿರುವು, ಸಿಪ್ಪೆ ಒಂದು ಕಡೆ, ಬೇಳೆ ಒಂದು ಕಡೆ. ಕೈ, ಭುಜ, ಸೊಂಟ ಎಲ್ಲವೂ ಅಲುಗುತ್ತಲೇ ಇರುತ್ತವೆ. ಬುಟ್ಟಿ ತುಂಬಿದರೆ ಎದ್ದು ಸುರಿದು ಬರಬೇಕು. ಕಾಲು ಜೋಮು ಹಿಡಿದರೆ ಮಗ್ಗುಲು ಬದಲಿಸಬೇಕು. ನೆಲದ ಮೇಲೆ ಕೂತವರು ಒಂದೇ ಭಂಗಿಯಲ್ಲಿ ಬಹಳ ಹೊತ್ತು ಇರಲು ಆಗುವುದೇ ಇಲ್ಲ. ತಾಂಜಾನಿಯಾದ ಹಡ್ಜಾ ಬೇಟೆಗಾರ ಜನರನ್ನು ಅಳೆದು ನೋಡಿದ 2020ರ ಅಧ್ಯಯನವೊಂದರಲ್ಲಿ ಅವರೂ ದಿನಕ್ಕೆ ಹತ್ತಿರ ಹತ್ತಿರ 10 ಗಂಟೆ ವಿಶ್ರಾಂತಿಯಲ್ಲೇ ಇರುತ್ತಾರೆ ಅಂತ ಕಂಡುಬಂತು. ಆದರೆ ಅದರಲ್ಲಿ ಬಹಳ ಹೊತ್ತು ಕುಕ್ಕರಗಾಲಲ್ಲಿ, ಮಂಡಿಯೂರಿ ಕೂರುತ್ತಾರೆ. ಕುಕ್ಕರಗಾಲಲ್ಲಿ ಕೂತಾಗ ಕಾಲಿನ ಸ್ನಾಯು ಕೆಲಸ ಮಾಡುತ್ತಲೇ ಇರುತ್ತದೆ. ಕುರ್ಚಿಯಲ್ಲಿ ಅದು ಪೂರ್ತಿ ಮಲಗಿಬಿಡುತ್ತದೆ.

ಇನ್ನು ತಲೆಯ ಮಾತು. ಅಜ್ಜಿಯ ಕೈಗೆ ಕೆಲಸ ಗೊತ್ತಿತ್ತು, ಬಾಯಿ ಬಿಡುವಾಗಿತ್ತು. ಸುತ್ತ ಹತ್ತು ಜನ, ಕಥೆ, ಹಾಡು, ಊರ ಸುದ್ದಿ, ಒಂದಿಷ್ಟು ಜಗಳ. ಸುಲಿದದ್ದು ಎದುರಿಗೇ ರಾಶಿ ಬೀಳುತ್ತಿತ್ತು, ಎಷ್ಟಾಯಿತು ಅಂತ ಕಣ್ಣಿಗೆ ಕಾಣುತ್ತಿತ್ತು. ಡಬ್ಬದ ಲೆಕ್ಕ ಮುಗಿದರೆ ಅವತ್ತಿನ ಕೆಲಸ ಮುಗಿಯಿತು. ನಿಮ್ಮ ಕೆಲಸದಲ್ಲಿ ಇದು ಯಾವುದೂ ಇಲ್ಲ. ಇಡೀ ದಿನ ಇಮೇಲ್‌ಗೆ ಉತ್ತರ ಬರೆದರೂ ರಾಶಿ ಕಾಣುವುದಿಲ್ಲ, ಮುಗಿಯುವುದೂ ಇಲ್ಲ, ಪಕ್ಕದವರು ಹೆಡ್‌ಫೋನ್ ಹಾಕಿಕೊಂಡಿರುತ್ತಾರೆ.

ಹಾಗಂತ ಹಳೆಯದೆಲ್ಲ ಸುಖ ಅಂತ ಹೇಳುತ್ತಿಲ್ಲ. ಕರಾವಳಿಯಲ್ಲಿ ಬೀಡಿ ಕಟ್ಟುವ ಹೆಂಗಸರನ್ನು ಕೇಳಿ. ತಲೆ ಬಗ್ಗಿಸಿ, ಮಡಿಲಲ್ಲಿ ಮೊರ ಇಟ್ಟು, ಹೊಗೆಸೊಪ್ಪಿನ ಘಾಟಿನ ನಡುವೆ ಕೂತು ಕುತ್ತಿಗೆ, ಬೆನ್ನು ಹಾಳಾದವರು ಎಷ್ಟೋ ಜನ. ಅಜ್ಜಿಯಿಂದ ತೆಗೆದುಕೊಳ್ಳಬೇಕಾದದ್ದು ಮೈ ಅಲುಗುವುದು, ಮಾತಿಗೆ ಜನ ಇರುವುದು, ಕೆಲಸಕ್ಕೆ ಒಂದು ಕೊನೆ ಇರುವುದು.

ಟಿವಿ ನೋಡೋದೂ ಕೂತೇ, ಪುಸ್ತಕ ಓದೋದೂ ಕೂತೇ. ಮನಸ್ಸಿಗೆ ಎರಡೂ ಒಂದೇನಾ?

ಒಂದೇ ಅಲ್ಲ. ಸ್ವೀಡನ್ನಿನ ಕರೋಲಿನ್‌ಸ್ಕಾ ಸಂಸ್ಥೆಯ ಮ್ಯಾಟ್ಸ್ ಹಾಲ್‌ಗ್ರೆನ್ ಮತ್ತು ಜೊತೆಗಾರರು ಸಾವಿರಾರು ವಯಸ್ಕರನ್ನು 1997ರಿಂದ 2010ರವರೆಗೆ, 13 ವರ್ಷ ಹಿಂಬಾಲಿಸಿ ಇದನ್ನೇ ನೋಡಿದರು. ತಲೆಗೆ ಕೆಲಸ ಕೊಡದ ಕೂರುವಿಕೆ, ಅಂದರೆ ಟಿವಿ ನೋಡುತ್ತಾ ಕೂರುವಂಥದ್ದು, ಜಾಸ್ತಿ ಇದ್ದವರಲ್ಲಿ ಖಿನ್ನತೆ ಜಾಸ್ತಿ ಕಂಡಿತು. ಆಫೀಸು ಕೆಲಸ, ಮೀಟಿಂಗು, ಹೆಣಿಗೆ, ಹೊಲಿಗೆಯಂಥ ತಲೆಗೆ ಕೆಲಸ ಕೊಡುವ ಕೂರುವಿಕೆಯಲ್ಲಿ ಆ ನಂಟು ಕಾಣಲಿಲ್ಲ.

ನನ್ನ ಅನಿಸಿಕೆ ಹೇಳುವುದಾದರೆ, ಇಡೀ ಮನೆ ಸೇರಿ ಮಾತಾಡುತ್ತಾ ಕ್ರಿಕೆಟ್ ನೋಡುವುದನ್ನು ನಾನು ನಿಷ್ಕ್ರಿಯ ಅನ್ನುವುದಿಲ್ಲ. ಹಾಸಿಗೆಯಲ್ಲಿ ಒಬ್ಬರೇ ಒರಗಿ ರೀಲ್ಸ್ ಮೇಲೆ ರೀಲ್ಸ್ ತಳ್ಳುವುದು ಬೇರೆ. ಅಲ್ಲಿ ಕಣ್ಣು ಮಾತ್ರ ಕೆಲಸ ಮಾಡುತ್ತಿರುತ್ತದೆ. ಎದ್ದ ಮೇಲೆ ಏನು ನೋಡಿದೆ ಅಂತ ನೆನಪಿರುವುದಿಲ್ಲ, ಹೊತ್ತು ಹೋದ ಬೇಸರ ಮಾತ್ರ ಉಳಿದಿರುತ್ತದೆ. ಸುಮ್ನೆ ಕೂರಲೇಬೇಕು ಅನ್ನಿಸಿದರೆ ಕೈಗೆ ಏನಾದರೂ ಕೊಡಿ. ಹೂ ಕಟ್ಟಿ, ಅವರೆಕಾಯಿ ಬಿಡಿಸಿ, ಬಟ್ಟೆ ಮಡಚಿ.

ಮಧ್ಯಾಹ್ನ ಮೂರರ ಹೊತ್ತಿಗೆ ಯಾರು ಮಾತಾಡಿಸಿದ್ರೂ ಸಿಟ್ಟು ಬರುತ್ತೆ. ಊಟದಿಂದ್ಲಾ?

ಊಟ ಅರ್ಧ ಕಾರಣ. ಮಧ್ಯಾಹ್ನ ಒಂದರಿಂದ ನಾಲ್ಕರ ನಡುವೆ ದೇಹದ ಗಡಿಯಾರವೇ ಸ್ವಲ್ಪ ತಗ್ಗುತ್ತದೆ, ಊಟ ಮಾಡದಿದ್ದರೂ. ಅದರ ಮೇಲೆ ಮುದ್ದೆಯೋ ಅನ್ನವೋ ಹೊಟ್ಟೆ ತುಂಬ ಉಂಡು ನೇರ ಕುರ್ಚಿಗೆ ಬಂದರೆ ಸಕ್ಕರೆ ಏರಿ ಇಳಿಯುತ್ತದೆ, ತೂಕಡಿಕೆ, ಕಿರಿಕಿರಿ. ಊಟ ಆದ ಮೇಲೆ ನೂರು ಹೆಜ್ಜೆ ಹಾಕು ಅಂತ ಮನೆಯಲ್ಲಿ ಹಿರಿಯರು ಹೇಳುವುದು ಈ ಹೊತ್ತಿಗೆ ಸರಿಯಾದ ಮದ್ದು. ನೂರಲ್ಲ, ಹತ್ತು ನಿಮಿಷ ಹಾಕಿ. ಮುಖ್ಯವಾದ ಮಾತುಕತೆ, ಸಂಬಳದ ಚರ್ಚೆ, ಮಕ್ಕಳ ಅಂಕದ ವಿಚಾರಣೆ ಈ ಹೊತ್ತಿಗೆ ಇಟ್ಟುಕೊಳ್ಳಬೇಡಿ.

ಆಫೀಸಲ್ಲಿ ಎಲ್ಲರ ಹತ್ರ ನಗ್ತಾ ಇರ್ತೀನಿ. ಮನೆಗೆ ಬಂದ ತಕ್ಷಣ ಹೆಂಡತಿ ಮಕ್ಕಳ ಮೇಲೆ ರೇಗ್ತೀನಿ. ನಾನೇನು ಕೆಟ್ಟವನಾ?

ಅಲ್ಲ. ಆದರೆ ಮಕ್ಕಳಿಗೆ ಕಾರಣ ಗೊತ್ತಾಗುವುದಿಲ್ಲ, ರೇಗಿದ್ದು ಮಾತ್ರ ಗೊತ್ತಾಗುತ್ತದೆ. ಹಾಗಾಗಿ ಇದನ್ನು ಸರಿ ಮಾಡಿಕೊಳ್ಳಲೇಬೇಕು.

ಸಿಟ್ಟನ್ನು ತಡೆಹಿಡಿಯುವುದೂ ತಲೆಯ ಕೆಲಸವೇ. ದಿನವಿಡೀ ಅದನ್ನು ಮಾಡಿ ಸುಸ್ತಾದ ತಲೆ ಸಂಜೆ ಕೈಬಿಡುತ್ತದೆ. ಬೆಂಗಳೂರಿನವರಿಗೆ ನಡುವೆ ರಸ್ತೆಯೂ ಸೇರುತ್ತದೆ. ವಾಹನ ದಟ್ಟಣೆ ಅಳೆಯುವ ಟಾಮ್‌ಟಾಮ್ ಕಂಪನಿಯ 2023ರ ಲೆಕ್ಕದಲ್ಲಿ ನಗರದ ಒಳಗೆ 10 ಕಿಲೋಮೀಟರ್ ದಾಟಲು ಸರಾಸರಿ 28 ನಿಮಿಷ. ಸಂಜೆ ಹೊರ ವರ್ತುಲ ರಸ್ತೆಯಲ್ಲಿ ಸಿಲ್ಕ್ ಬೋರ್ಡ್ ಕಡೆ ಬರುವವರಿಗೆ ಈ ಸರಾಸರಿಯೇ ಒಂದು ಕನಸು. ಎಂಟು ಗಂಟೆ ಕೂತು ಬಂದವರು ಮತ್ತೆ ಒಂದೂವರೆ ಗಂಟೆ ಕ್ಲಚ್ಚು ಬ್ರೇಕು ಒತ್ತುತ್ತಾ ಕೂರುತ್ತಾರೆ. ಮೈಗೆ ಬಿಡುವಿಲ್ಲ, ತಲೆಗೂ ಇಲ್ಲ.

ಮಾಡಬೇಕಾದದ್ದು ಇಷ್ಟು. ಬಸ್ಸಿನಲ್ಲೋ ಮೆಟ್ರೋದಲ್ಲೋ ಬರುವವರಾದರೆ ಒಂದು ಸ್ಟಾಪು ಮೊದಲೇ ಇಳಿದು ನಡೆಯಿರಿ. ಗಾಡಿಯಲ್ಲಿ ಬರುವವರು ಗಾಡಿ ನಿಲ್ಲಿಸಿ ಮನೆಯ ಬೀದಿಯಲ್ಲೇ ಎರಡು ಸುತ್ತು ಹಾಕಿ, ಆಮೇಲೆ ಬಾಗಿಲು ತಟ್ಟಿ. ಹೆಂಡತಿಗೆ ಇದನ್ನು ಮೊದಲೇ ಹೇಳಿಡಿ. ಬಂದೂ ಒಳಗೆ ಬರಲಿಲ್ಲ ಅಂತ ಅವರು ತಪ್ಪು ತಿಳಿಯಬಾರದು. ಅವರೂ ದುಡಿದು ಬಂದವರಾದರೆ ಇಬ್ಬರೂ ಸೇರಿ ಆ ಸುತ್ತು ಹಾಕುವುದು ಇನ್ನೂ ಒಳ್ಳೆಯದು.

ಪದೇ ಪದೇ ಎದ್ದು ಓಡಾಡಿದ್ರೆ ಮ್ಯಾನೇಜರ್ ಒಂಥರಾ ನೋಡ್ತಾರೆ. ಏನ್ಮಾಡ್ಲಿ?

ಏಳಲು ಕಾರಣ ಇಟ್ಟುಕೊಳ್ಳಿ. ದೊಡ್ಡ ಬಾಟಲಿ ಬದಲು ಮೇಜಿನ ಮೇಲೆ ಚಿಕ್ಕ ಲೋಟ ಇಡಿ. ಅದು ಖಾಲಿಯಾದಾಗ ತುಂಬಿಸಲು ಏಳಬೇಕು, ಕುಡಿದ ನೀರು ಮತ್ತೊಮ್ಮೆ ಎಬ್ಬಿಸುತ್ತದೆ. ಫೋನ್ ಬಂದರೆ ನಿಂತು ಮಾತಾಡಿ. ಮೂರು ಮೇಜು ಆಚೆ ಕೂತವರಿಗೆ ಮೆಸೇಜು ಹಾಕುವ ಬದಲು ಹೋಗಿ ಕೇಳಿ. ಲಿಫ್ಟ್ ಬಿಡಿ. ಕ್ಯಾಮೆರಾ ಬೇಡದ ಮೀಟಿಂಗನ್ನು ಕಾರಿಡಾರಿನಲ್ಲಿ ನಡೆಯುತ್ತಾ ಕೇಳಿ.

ಇನ್ನು, ನೀವೇ ಮ್ಯಾನೇಜರ್ ಆಗಿದ್ದರೆ ದಯವಿಟ್ಟು ನೀವೇ ಮೊದಲು ಏಳಿ. ಹಿರಿಯರು ಎದ್ದರೆ ಉಳಿದವರಿಗೆ ಅಳುಕು ಹೋಗುತ್ತದೆ.

ನಿಂತು ಕೆಲಸ ಮಾಡೋ ಮೇಜು ತಗೊಳ್ಳಲಾ?

ಹಣ ಇದ್ದರೆ ತಗೊಳ್ಳಿ, ಇಲ್ಲದಿದ್ದರೆ ಬೇಡ. ದಿನವಿಡೀ ನಿಲ್ಲುವುದು ಕೂರುವುದಕ್ಕೆ ಮದ್ದಲ್ಲ. ಬಟ್ಟೆ ಅಂಗಡಿಯಲ್ಲಿ ಬೆಳಗಿನಿಂದ ರಾತ್ರಿಯವರೆಗೆ ನಿಲ್ಲುವ ಹೆಣ್ಣುಮಕ್ಕಳ ಕಾಲಿನ ನರ ಊದುತ್ತದೆ, ಬೆನ್ನು ನೋಯುತ್ತದೆ. ಅವರು ಕೂರುವ ಹಕ್ಕಿಗಾಗಿಯೇ ಹೋರಾಡಬೇಕಾಯಿತು. ಕೇರಳ 2018ರಲ್ಲಿ, ತಮಿಳುನಾಡು 2021ರಲ್ಲಿ ಅಂಗಡಿ ಕೆಲಸದವರಿಗೆ ಆಸನ ಕೊಡಬೇಕು ಅಂತ ಕಾನೂನು ತಂದವು. ಮೈಗೆ ಬೇಕಾದದ್ದು ಬದಲಾವಣೆ. ಕೂರಿ, ನಿಲ್ಲಿ, ನಡೆಯಿರಿ, ಮತ್ತೆ ಕೂರಿ.

ನಾನು ಬಸ್ ಡ್ರೈವರ್. ಬೇಕಾದಾಗ ಏಳೋಕೆ ಆಗಲ್ಲ. ನನಗೇನು ದಾರಿ?

ಕೂರುವುದರ ಬಗ್ಗೆ ಜಗತ್ತು ಮೊದಲು ಕಲಿತದ್ದೇ ನಿಮ್ಮಂಥವರಿಂದ. ಲಂಡನ್ನಿನ ಡಬಲ್ ಡೆಕರ್ ಬಸ್ಸುಗಳ ಸಿಬ್ಬಂದಿಯನ್ನು ಹೋಲಿಸಿ ಜೆರಿ ಮಾರಿಸ್ ಅನ್ನುವ ವೈದ್ಯರು 1953ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ದಿನವಿಡೀ ಮೆಟ್ಟಿಲು ಹತ್ತಿ ಇಳಿಯುವ ಕಂಡಕ್ಟರುಗಳಿಗಿಂತ ಕೂತೇ ಇರುವ ಡ್ರೈವರುಗಳಲ್ಲಿ ಹೃದಯದ ಕಾಯಿಲೆ ಬಹಳ ಜಾಸ್ತಿ ಇತ್ತು.

ನಿಮ್ಮ ಕೆಲಸದಲ್ಲಿ ಮೈ ಕಟ್ಟಿಹಾಕಿದಂತೆ, ತಲೆ ಮಾತ್ರ ಕ್ಷಣಕ್ಷಣಕ್ಕೂ ಎಚ್ಚರ. ಸಿಗ್ನಲ್ಲಿನಲ್ಲಿ ಭುಜ ಮೇಲೆತ್ತಿ ಇಳಿಸಿ, ಹಲ್ಲು ಕಚ್ಚಿದ್ದರೆ ಸಡಿಲ ಬಿಡಿ. ಡಿಪೋದಲ್ಲೋ ಕೊನೆಯ ನಿಲ್ದಾಣದಲ್ಲೋ ಸಿಗುವ ಐದು ನಿಮಿಷವನ್ನು ಸೀಟಿನಲ್ಲೇ ಫೋನ್ ನೋಡುತ್ತಾ ಕಳೆಯಬೇಡಿ. ಇಳಿದು ಬಸ್ಸಿನ ಸುತ್ತ ನಾಲ್ಕು ಸಲ ನಡೆಯಿರಿ, ಕಂಡಕ್ಟರ್ ಜೊತೆ ನಿಂತು ಚಹಾ ಕುಡಿಯಿರಿ.

ನಾನು ಮನೇಲಿರೋಳು. ಬೆಳಿಗ್ಗೆಯಿಂದ ನಿಂತೇ ಇರ್ತೀನಿ, ಮಧ್ಯಾಹ್ನ ಎರಡು ಗಂಟೆ ಕೂತ್ರೆ ಅದೇ ಸ್ವರ್ಗ. ಅದನ್ನೂ ಬಿಡು ಅಂತೀರಾ?

ಖಂಡಿತ ಇಲ್ಲ. ಆ ಎರಡು ಗಂಟೆ ನಿಮ್ಮದು. ನಿಮ್ಮ ಮೂಡು ಕೆಡಲು ಕಾರಣ ಕೂರುವುದಕ್ಕಿಂತ ಬೇರೆ ಇರಬಹುದು. ನಾಳೆ ತಿಂಡಿಗೆ ಏನು, ಗ್ಯಾಸ್ ಎಷ್ಟು ದಿನ ಬರುತ್ತದೆ, ಮಗಳ ಫೀಸು ಕಟ್ಟಿದರಾ, ಮಾವನ ಮಾತ್ರೆ ಮುಗಿಯಿತಾ. ಈ ಲೆಕ್ಕ ತಲೆಯಲ್ಲಿ ಸದಾ ಓಡುತ್ತಿರುತ್ತದೆ, ಯಾರ ಕಣ್ಣಿಗೂ ಬೀಳುವುದಿಲ್ಲ. ಕೂತಾಗಲೂ ಅದು ನಿಲ್ಲದಿದ್ದರೆ ಕೂತದ್ದರ ಸುಖ ಸಿಗುವುದಿಲ್ಲ. ಆ ಪಟ್ಟಿಯನ್ನು ಕಾಗದದಲ್ಲಿ ಬರೆದು ಫ್ರಿಜ್ ಬಾಗಿಲಿಗೆ ಅಂಟಿಸಿ. ಅದರಲ್ಲಿ ಎರಡು ಸಾಲು ಮನೆಯ ಬೇರೆಯವರ ಹೆಸರಿಗೆ ಬರೆಯಿರಿ, ಪೂರ್ತಿಯಾಗಿ. ನೀವು ನೆನಪಿಸುವ ಕೆಲಸವೂ ಉಳಿಯಬಾರದು.

ಇನ್ನೊಂದು ಮಾತು. 2024ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ಅಂದಾಜಿನ ಪ್ರಕಾರ, 2022ರಲ್ಲಿ ಭಾರತದ ಹೆಂಗಸರಲ್ಲಿ ನೂರಕ್ಕೆ 57 ಜನರಿಗೆ ಬೇಕಾದಷ್ಟು ದೈಹಿಕ ಚಟುವಟಿಕೆ ಇರಲಿಲ್ಲ. ಗಂಡಸರಲ್ಲಿ 42. ಅಡುಗೆಮನೆಯಲ್ಲಿ ದಣಿದವರಿಗೂ ಬಿಸಿಲು, ಗಾಳಿ, ಬಿರುಸಿನ ನಡಿಗೆ ಸಿಗುವುದು ಕಡಿಮೆಯೇ. ಸಂಜೆ ಅರ್ಧ ಗಂಟೆ ಪಕ್ಕದ ಮನೆಯವರನ್ನು ಕರೆದುಕೊಂಡು ಹೊರಗೆ ಹೋಗಿ. ಅದು ನಿಮ್ಮ ಹಕ್ಕು.

ಅಪ್ಪ ರಿಟೈರ್ ಆದ್ಮೇಲೆ ಕುರ್ಚಿ ಬಿಟ್ಟು ಏಳ್ತಾನೇ ಇಲ್ಲ. ಮುಖ ಸಪ್ಪೆ. ವಾಕಿಂಗ್ ಹೋಗಿ ಅಂದ್ರೆ ಕೋಪ.

ಹೋಗಿ ಅನ್ನಬೇಡಿ, ಜೊತೆಗೆ ಬನ್ನಿ ಅನ್ನಿ. ಉಪದೇಶದ ಬದಲು ಕೆಲಸ ಒಪ್ಪಿಸಿ. ಬ್ಯಾಂಕಿನ ಕೆಲಸ, ತರಕಾರಿ ಆರಿಸುವುದು, ಮೊಮ್ಮಗಳನ್ನು ಸ್ಕೂಲ್ ವ್ಯಾನಿನಿಂದ ಕರೆತರುವುದು. ಮೂವತ್ತು ವರ್ಷ ಹತ್ತು ಜನ ಕೇಳಿಕೊಂಡು ಬರುತ್ತಿದ್ದವರಿಗೆ ಈಗ ಯಾರೂ ಏನೂ ಕೇಳುವುದಿಲ್ಲ. ಕುರ್ಚಿಗೆ ಅಂಟಿಸಿರುವುದು ಅದು.

ಏಳದಿರಲು ಬೇರೆ ಕಾರಣವೂ ಇರಬಹುದು. ಮಂಡಿನೋವು, ಬೀಳುವ ಭಯ, ಕಿವಿ ಮಂದ, ಪದೇ ಪದೇ ಮೂತ್ರಕ್ಕೆ ಹೋಗಬೇಕಾಗುವ ಮುಜುಗರ. ಅಪ್ಪಂದಿರು ಇದನ್ನು ಬಾಯಿಬಿಟ್ಟು ಹೇಳುವುದಿಲ್ಲ. ಮೆತ್ತಗೆ ಕೇಳಿ ತಿಳಿದುಕೊಳ್ಳಿ.

ಧಾರವಾಡದಲ್ಲಿ ಕೆಎಎಸ್‌ಗೆ ಓದ್ತಿದೀನಿ. ದಿನಕ್ಕೆ ಹನ್ನೆರಡು ತಾಸು ಲೈಬ್ರರಿ. ಎದ್ದರೆ ಟೈಮ್ ವೇಸ್ಟ್ ಅನ್ಸುತ್ತೆ, ಕೂತ್ರೆ ತಲೆಗೆ ಹತ್ತಂಗಿಲ್ಲ.

ತಲೆಗೆ ಹತ್ತದೆ ಕೂತ ತಾಸನ್ನು ಓದಿದ ಲೆಕ್ಕಕ್ಕೆ ಹಿಡಿಯಬೇಡಿ. ಒಂದೇ ಪುಟವನ್ನು ಮೂರನೇ ಸಲ ಓದುತ್ತಿದ್ದೀರಿ ಅಂತ ಗೊತ್ತಾದ ಕೂಡಲೇ ಏಳಿ. ಈಗಷ್ಟೇ ಓದಿದ್ದನ್ನು ಪುಸ್ತಕ ನೋಡದೆ ನಿಮಗೆ ನೀವೇ ಹೇಳಿಕೊಳ್ಳುತ್ತಾ ಹೊರಗೆ ಒಂದು ಸುತ್ತು ನಡೆಯಿರಿ. ಓದಿದ್ದನ್ನು ನೆನಪಿನಿಂದ ಹೊರತೆಗೆಯುವುದು ಮತ್ತೆ ಮತ್ತೆ ಓದುವುದಕ್ಕಿಂತ ಚೆನ್ನಾಗಿ ಉಳಿಯುತ್ತದೆ. ಹಾಗಾಗಿ ಆ ಸುತ್ತು ಓದೇ.

ಪರೀಕ್ಷೆಗೆ ಓದುವವರ ಬೇಸರದಲ್ಲಿ ಕೂರುವುದು ಒಂದು ಪಾಲು ಮಾತ್ರ. ಊರಿಂದ ಬರುವ ದುಡ್ಡು, ಏರುತ್ತಿರುವ ವಯಸ್ಸು, ಮುಂದೆ ಹೋಗುತ್ತಲೇ ಇರುವ ಪರೀಕ್ಷೆಯ ದಿನಾಂಕ, ಇದೆಲ್ಲ ಸೇರಿರುತ್ತದೆ. ನಡೆದರೆ ಅದು ಕರಗುವುದಿಲ್ಲ. ಆದರೆ ಸಂಜೆ ಒಂದು ತಾಸು ಸ್ನೇಹಿತರ ಜೊತೆ ಬ್ಯಾಡ್ಮಿಂಟನ್ ಆಡಿದವರಿಗೂ, ಪೂರ್ತಿ ಒಂಟಿಯಾಗಿ ಕೂತವರಿಗೂ ರಾತ್ರಿಯ ಹೊತ್ತು ಬೇರೆ ಬೇರೆಯಾಗಿರುತ್ತದೆ.

## ಇನ್ನೂ ಆಳದ ಪ್ರಶ್ನೆಗಳು

ತಲೆ ಓಡಿಸಿದ್ರೆ ನಿಜವಾಗ್ಲೂ ದಣಿವಾಗುತ್ತಾ? ಇಲ್ಲಾ ಅದು ನಮ್ಮ ಭ್ರಮೆನಾ?

ಭ್ರಮೆ ಅಲ್ಲ ಅನ್ನುವುದಕ್ಕೆ 2022ರಲ್ಲಿ ಪ್ಯಾರಿಸ್ಸಿನ ಸಂಶೋಧಕರು ಒಂದು ಒಳ್ಳೆಯ ಸುಳಿವು ಕೊಟ್ಟರು. ಕೆಲವರಿಗೆ ಒಂದು ಇಡೀ ಕೆಲಸದ ದಿನದಷ್ಟು ಹೊತ್ತು ಕಷ್ಟದ ಮಾನಸಿಕ ಕೆಲಸ ಕೊಟ್ಟರು, ಇನ್ನು ಕೆಲವರಿಗೆ ಅದೇ ಥರದ ಸುಲಭದ್ದು. ಕಷ್ಟದ ಕೆಲಸ ಮಾಡಿದವರ ಹಣೆಯ ಹಿಂಭಾಗದ ಮಿದುಳಿನಲ್ಲಿ, ಅಂದರೆ ನಮ್ಮನ್ನು ಹಿಡಿತದಲ್ಲಿ ಇಟ್ಟುಕೊಳ್ಳುವ ಭಾಗದಲ್ಲಿ, ಗ್ಲುಟಮೇಟ್ ಅನ್ನುವ ರಾಸಾಯನಿಕ ಶೇಖರವಾಗಿರುವುದು ಸ್ಕ್ಯಾನಿನಲ್ಲಿ ಕಂಡಿತು. ಅವರು ದಿನದ ಕೊನೆಗೆ ಕಾದು ದೊಡ್ಡ ಲಾಭ ಪಡೆಯುವ ಬದಲು ಈಗಲೇ ಸಿಗುವ ಚಿಕ್ಕ ಲಾಭದ ಕಡೆ ವಾಲಿದರು. ಸಂಜೆ ಸೊಪ್ಪಿನ ಸಾರು ಬಿಟ್ಟು ಆನ್‌ಲೈನ್‌ನಲ್ಲಿ ಬಿರಿಯಾನಿ ತರಿಸುವವರು ಇದನ್ನು ಓದಿ ಸ್ವಲ್ಪ ಸಮಾಧಾನ ಪಡಬಹುದು. ದೊಡ್ಡ ನಿರ್ಧಾರಗಳನ್ನು ಬೆಳಗಿಗೆ ಬಿಡಿ ಅಂತ ನಾನು ಹೇಳುವುದಕ್ಕೂ ಇದೇ ಆಧಾರ.

ಲ್ಯಾಪ್‌ಟಾಪ್ ಮುಚ್ಚಿದ್ರೂ ತಲೆ ಒಳಗೆ ಕೆಲಸ ನಡೀತಾನೇ ಇರುತ್ತೆ. ಹೇಗೆ ನಿಲ್ಲಿಸೋದು?

ಅರ್ಧಕ್ಕೆ ಬಿಟ್ಟ ಕೆಲಸ ಮುಗಿಸಿದ ಕೆಲಸಕ್ಕಿಂತ ಜಾಸ್ತಿ ನೆನಪಿಗೆ ಬರುತ್ತದೆ ಅಂತ ಬ್ಲೂಮಾ ಜೈಗಾರ್ನಿಕ್ ಎಂಬ ಮನೋವಿಜ್ಞಾನಿ 1927ರಷ್ಟು ಹಿಂದೆಯೇ ಬರೆದಿದ್ದರು. ಏಳುವ ಮುಂಚೆ ನಾಳೆ ಎಲ್ಲಿಂದ ಶುರು ಮಾಡಬೇಕು ಅಂತ ಎರಡು ಸಾಲು ಬರೆದಿಡಿ. ರಾತ್ರಿಗೂ ಇದು ಆಗುತ್ತದೆ. ಅಮೆರಿಕದ ಬೇಲರ್ ವಿಶ್ವವಿದ್ಯಾಲಯದ 2018ರ ಪ್ರಯೋಗದಲ್ಲಿ ಮಲಗುವ ಮುಂಚೆ 5 ನಿಮಿಷ ನಾಳೆಯ ಕೆಲಸಗಳನ್ನು ಬರೆದವರು, ಅವತ್ತು ಮುಗಿಸಿದ್ದನ್ನು ಬರೆದವರಿಗಿಂತ ಬೇಗ ನಿದ್ದೆಹೋದರು.

ತಲೆಯಲ್ಲಿ ಸುತ್ತುತ್ತಿರುವುದು ಕೆಲಸ ಅಲ್ಲದೆ ಯಾರೋ ಅಂದ ಮಾತಾಗಿದ್ದರೆ ಬರೆಯುವುದಕ್ಕಿಂತ ನಡೆಯುವುದು ಒಳ್ಳೆಯದು, ಅದೂ ಮರಗಿಡ ಇರುವ ಕಡೆ. ಸ್ಟ್ಯಾನ್‌ಫರ್ಡಿನವರ 2015ರ ಅಧ್ಯಯನದಲ್ಲಿ ಹಸಿರಿನ ನಡುವೆ 90 ನಿಮಿಷ ನಡೆದವರಲ್ಲಿ ಕೊರಗುವ ಯೋಚನೆ ತಗ್ಗಿತು. ವಾಹನ ತುಂಬಿದ ರಸ್ತೆ ಬದಿಯಲ್ಲಿ ನಡೆದವರಲ್ಲಿ ತಗ್ಗಲಿಲ್ಲ. ಕಬ್ಬನ್ ಪಾರ್ಕೋ ಕುಕ್ಕರಹಳ್ಳಿ ಕೆರೆಯೋ ಹತ್ತಿರ ಇದ್ದವರು ಪುಣ್ಯವಂತರು. ಇಲ್ಲದವರು ಊರ ಕೆರೆ ಏರಿಯನ್ನಾದರೂ ಹುಡುಕಿಕೊಳ್ಳಿ.

ಧ್ಯಾನಕ್ಕೂ ಗಂಟೆಗಟ್ಟಲೆ ಕೂರ್ತಾರೆ ಅಲ್ವಾ? ಅವರ ಮೂಡು ಯಾಕೆ ಕೆಡಲ್ಲ?

ಅಲ್ಲಿ ಮನಸ್ಸಿಗೆ ಒಂದು ನೆಲೆ ಇರುತ್ತದೆ. 2010ರಲ್ಲಿ ಹಾರ್ವರ್ಡಿನ ಕಿಲ್ಲಿಂಗ್ಸ್‌ವರ್ತ್ ಮತ್ತು ಗಿಲ್ಬರ್ಟ್ ಸುಮಾರು 2250 ಜನರಿಗೆ ದಿನದ ನಡುವೆ ಫೋನಿನಲ್ಲಿ ಈಗ ಏನು ಮಾಡುತ್ತಿದ್ದೀರಿ, ಏನು ಯೋಚಿಸುತ್ತಿದ್ದೀರಿ, ಮನಸ್ಸು ಹೇಗಿದೆ ಅಂತ ಕೇಳಿದರು. ಹತ್ತಿರ ಹತ್ತಿರ ಅರ್ಧದಷ್ಟು ಸಲ, ನೂರಕ್ಕೆ 47, ಮನಸ್ಸು ಮಾಡುತ್ತಿದ್ದ ಕೆಲಸದಲ್ಲಿ ಇರಲಿಲ್ಲ. ಹಾಗೆ ಅಲೆದಾಡುತ್ತಿದ್ದಾಗ ಜನ ಕಡಿಮೆ ಖುಷಿಯಾಗಿದ್ದರು. ಏನು ಮಾಡುತ್ತಿದ್ದರು ಅನ್ನುವುದಕ್ಕಿಂತ ಮನಸ್ಸು ಎಲ್ಲಿತ್ತು ಅನ್ನುವುದೇ ಅವರ ಖುಷಿಯನ್ನು ಚೆನ್ನಾಗಿ ತಿಳಿಸುತ್ತಿತ್ತು.

ಧ್ಯಾನ ಮಾಡುವವರು ಬರೀ ಕೂರುವುದೂ ಇಲ್ಲ. ಬೌದ್ಧ ಭಿಕ್ಷುಗಳು ಕೂತು ಮಾಡುವ ಧ್ಯಾನದ ನಡುವೆ ನಡೆಯುತ್ತಾ ಮಾಡುವ ಧ್ಯಾನವನ್ನೂ ಇಟ್ಟುಕೊಂಡಿದ್ದಾರೆ, ಅದಕ್ಕೆ ಚಂಕ್ರಮಣ ಅನ್ನುತ್ತಾರೆ. ಯೋಗದಲ್ಲೂ ಧ್ಯಾನಕ್ಕೆ ಮುಂಚೆ ಆಸನ. ದಿನವಿಡೀ ಕುರ್ಚಿಯಲ್ಲಿ ಇದ್ದವರು ಸಂಜೆ ಧ್ಯಾನಕ್ಕೆ ಅಂತ ಮತ್ತೆ ಕೂರುವ ಮುಂಚೆ ಒಂದಿಷ್ಟು ಮೈ ಆಡಿಸಲಿ ಅನ್ನುವುದು ನನ್ನ ಸಲಹೆ.

ಕೂತಿದ್ದಕ್ಕೆ ಬೇಜಾರಾ, ಬೇಜಾರಾಗಿದ್ದಕ್ಕೆ ಕೂತಿದೀವಾ? ಇದನ್ನ ಹೇಗೆ ಹೇಳ್ತೀರಿ?

ಎರಡೂ ನಿಜ. ಖಿನ್ನತೆ ಬಂದವರಿಗೆ ಏಳಲು ಮನಸ್ಸಾಗುವುದಿಲ್ಲ. ಹಾಗಾಗಿ ಜಾಸ್ತಿ ಕೂರುವವರಲ್ಲಿ ಖಿನ್ನತೆ ಜಾಸ್ತಿ ಅಂದ ಮಾತ್ರಕ್ಕೆ ಕೂರುವುದೇ ಕಾರಣ ಅಂತ ಹೇಳಲಾಗದು. ಈ ಗಂಟು ಬಿಡಿಸಲು ಎರಡು ದಾರಿ ಹಿಡಿದಿದ್ದಾರೆ. ಒಂದು, ಜನರನ್ನು ಬೇಕಂತಲೇ ಕೂರಿಸಿ ನೋಡುವುದು. ಅಮೆರಿಕದ ಮಿಸಿಸಿಪ್ಪಿ ವಿಶ್ವವಿದ್ಯಾಲಯದಲ್ಲಿ ದಿನಾ ಓಡಾಡುವ ಯುವಜನರಿಗೆ ಒಂದು ವಾರ ವ್ಯಾಯಾಮ ಬಿಡಿಸಿ, ದಿನಕ್ಕೆ 5000 ಹೆಜ್ಜೆಗಿಂತ ಕಡಿಮೆ ನಡೆಯಲು ಹೇಳಿದರು. ಒಂದೇ ವಾರದಲ್ಲಿ ಅವರ ಮನಸ್ಸಿನ ಸ್ಥಿತಿ ಕೆಟ್ಟಿತು. ಇನ್ನೊಂದು ದಾರಿ, ಹುಟ್ಟಿನಿಂದಲೇ ಬರುವ ಜೀನ್‌ಗಳ ಮೂಲಕ ನೋಡುವುದು. 2019ರ ಅಂಥ ಒಂದು ಅಧ್ಯಯನ, ಹೆಚ್ಚು ಓಡಾಟ ಖಿನ್ನತೆಯಿಂದ ಕಾಪಾಡುತ್ತದೆ ಅನ್ನುವ ಕಡೆಗೇ ಬೆರಳು ತೋರಿಸಿತು. ಅಂದರೆ ಒಂದು ಇನ್ನೊಂದನ್ನು ಎಳೆಯುತ್ತದೆ. ಆದರೆ ಬೇಸರವನ್ನು ನೇರವಾಗಿ ಕೈಯಲ್ಲಿ ಹಿಡಿಯಲು ಆಗುವುದಿಲ್ಲ, ಕುರ್ಚಿಯಿಂದ ಏಳಲು ಆಗುತ್ತದೆ. ಶುರು ಮಾಡುವುದಾದರೆ ಆ ತುದಿಯಿಂದಲೇ.

ಎಷ್ಟು ನಡೆದರೆ ಮನಸ್ಸಿಗೆ ಸಾಕು? ವಾರಕ್ಕೆ 150 ನಿಮಿಷ ನನ್ನಿಂದ ಆಗಲ್ಲ.

ಅರ್ಧ ಮಾಡಿ. 2022ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟು ಮಾಡಿ ನೋಡಿದಾಗ, ಹೇಳಿದ್ದರಲ್ಲಿ ಅರ್ಧದಷ್ಟು ಮಾಡಿದವರಲ್ಲೂ ಏನೂ ಮಾಡದವರಿಗಿಂತ ಖಿನ್ನತೆಯ ಅಪಾಯ ನೂರಕ್ಕೆ 18ರಷ್ಟು ಕಡಿಮೆ ಇತ್ತು. ಪೂರ್ತಿ ಮಾಡಿದವರಲ್ಲಿ 25. ಮೊದಲ ಅರ್ಧದಲ್ಲೇ ಲಾಭದ ದೊಡ್ಡ ಪಾಲು ಇದೆ.

ಇದೆಲ್ಲ ಮಾಡಿ ನೋಡಿದೆ. ಆದ್ರೂ ಮನಸ್ಸು ಮೇಲೇಳ್ತಿಲ್ಲ.

ಎರಡು ವಾರಕ್ಕಿಂತ ಜಾಸ್ತಿ, ಹೆಚ್ಚುಕಮ್ಮಿ ದಿನವಿಡೀ ಬೇಸರ ಇದ್ದರೆ, ಮೊದಲು ಖುಷಿ ಕೊಡುತ್ತಿದ್ದದ್ದು ಈಗ ಏನೂ ಅನ್ನಿಸದಿದ್ದರೆ, ನಿದ್ದೆ, ಹಸಿವು ಏರುಪೇರಾಗಿದ್ದರೆ, ಬದುಕಿ ಏನು ಪ್ರಯೋಜನ ಅನ್ನುವ ಯೋಚನೆ ಬಂದಿದ್ದರೆ ಇದು ಕುರ್ಚಿಯ ವಿಷಯ ಅಲ್ಲ. ಇದಕ್ಕೆ ಚಿಕಿತ್ಸೆ ಇದೆ. 218 ಪ್ರಯೋಗಗಳನ್ನು ಒಟ್ಟು ಮಾಡಿದ 2024ರ ವಿಮರ್ಶೆಯೊಂದರಲ್ಲಿ ನಡಿಗೆ, ಯೋಗ, ಭಾರ ಎತ್ತುವ ವ್ಯಾಯಾಮ ಖಿನ್ನತೆಯನ್ನು ತಗ್ಗಿಸಿದ್ದು ನಿಜ. ಆದರೆ ಮೇಲೇಳಲೇ ಆಗದವರಿಗೆ ಎದ್ದು ನಡಿ ಅನ್ನುವುದು ತಪ್ಪು. ಮಾತಿನ ಚಿಕಿತ್ಸೆಯೋ ಮಾತ್ರೆಯೋ ಮೊದಲು ಬೇಕಾಗಬಹುದು. ವೈದ್ಯರು ಕೊಟ್ಟ ಮಾತ್ರೆಯನ್ನು, ವಾಕಿಂಗ್ ಶುರು ಮಾಡಿದೆ ಅಂತ ನೀವೇ ನಿಲ್ಲಿಸಬೇಡಿ.

ಜಿಲ್ಲಾ ಆಸ್ಪತ್ರೆಯ ಮನೋವೈದ್ಯರನ್ನು ಕಾಣಬಹುದು. ಬೆಂಗಳೂರಿನಲ್ಲಿ ನಿಮ್ಹಾನ್ಸ್ ಇದೆ. ಹೋಗಲು ಇನ್ನೂ ಮನಸ್ಸಾಗದಿದ್ದರೆ ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿ. 2022ರ ಅಕ್ಟೋಬರ್‌ನಿಂದ ಇರುವ ಸರ್ಕಾರದ ಸೇವೆ ಅದು. ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು.